ಮಕ್ಕಳನ್ನು ದಿನಾ ಮುಳ್ಳಯ್ಯನಗಿರಿಗೆ ಓಡಿಸಬೇಡಿ

ಪರೀಕ್ಷೆ ಮುಗಿಯುವುದೇ ತಡ, ಚಿಕ್ಕಮಗಳೂರಿನ ಅಪ್ಪ ಅಮ್ಮಂದಿರ ಪ್ರಶ್ನೆಗಳು ಶುರುವಾಗುತ್ತವೆ. ಪ್ರಶ್ನೆ ಹೋದ ವರ್ಷದ್ದೇ, ಮಕ್ಕಳು ಮಾತ್ರ ಬೇರೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಒಂದೆರಡು ಸಾಲು ಸಾಕು. ಯಾವ ಶೂ ಕೊಳ್ಳಬೇಕು, ವಾರ್ಮ್‌ಅಪ್ ಹೇಗೆ ಎಂಬುದನ್ನೆಲ್ಲ ನಿಮ್ಮ ಶಾಲೆಯ ಪಿಇ ಮೇಷ್ಟ್ರನ್ನು ಕೇಳಿ.

ಪ್ರಶ್ನೆ: ಮಗಳಿಗೆ 14 ವರ್ಷ. ಕೊಡಗಿನ ತೆಕ್ಕಡ ಭವಾನಿಯವರ ಸುದ್ದಿ ಓದಿದಾಗಿನಿಂದ ಕ್ರಾಸ್‌ಕಂಟ್ರಿ ಸ್ಕೀಯಿಂಗ್ (ಕಾಲಿಗೆ ಉದ್ದದ ಸ್ಕೀ ಹಲಗೆ ಕಟ್ಟಿ, ಕೋಲೂರಿ ಹಿಮದ ಮೇಲೆ ದೂರ ಸಾಗುವ ಓಟ) ಹುಚ್ಚು ಹಿಡಿದಿದೆ. ಕ್ಲಬ್‌ನಲ್ಲಿ ಇನ್ನೂ ಐದಾರು ಮಕ್ಕಳಿದ್ದಾರೆ. ಚಳಿಗಾಲಕ್ಕೆ ಗುಲ್ಮಾರ್ಗ್‌ಗೆ ಕಳಿಸುವ ಯೋಚನೆ. ರಜೆಯಲ್ಲಿ ದಿನಾ ಬೆಳಿಗ್ಗೆ ಸೀತಾಳಯ್ಯನಗಿರಿಯಿಂದ ಮುಳ್ಳಯ್ಯನಗಿರಿಗೆ ಓಡಿಸಿದರೆ ಎತ್ತರದ ಗಾಳಿಗೆ ಶ್ವಾಸಕೋಶ ಗಟ್ಟಿಯಾಗುತ್ತದೆ ಅಂತ ಅವಳ ಸೋದರಮಾವ ಹೇಳುತ್ತಾರೆ. ಹಿಮವಿಲ್ಲದ ರಸ್ತೆಯಲ್ಲಿ ಅಭ್ಯಾಸಕ್ಕೆಂದು ಚಕ್ರವಿರುವ ರೋಲರ್ ಸ್ಕೀ ಕೂಡ ತರಿಸಿದ್ದೇವೆ. ಗಿರಿ ರಸ್ತೆಯಲ್ಲೇ ಅಭ್ಯಾಸ ಮಾಡಿಸಬಹುದಾ ಸರ್?

ಉತ್ತರ: ಎರಡೂ ಬೇಡ.

ಮೊದಲು ಸೋದರಮಾವನ ಎತ್ತರದ ಗಾಳಿ. ಮುಳ್ಳಯ್ಯನಗಿರಿ ನಮ್ಮ ರಾಜ್ಯಕ್ಕೇ ಎತ್ತರದ ಶಿಖರ, ನಿಜ. ಆದರೂ ಸುಮಾರು 1,930 ಮೀಟರ್. ಎತ್ತರದಿಂದ ರಕ್ತದಲ್ಲಿ ಬದಲಾವಣೆ ಆಗಬೇಕಾದರೆ 2,000 ಮೀಟರಿಗೂ ಮೇಲಿನ ಜಾಗದಲ್ಲಿ ವಾರಗಟ್ಟಲೆ ವಾಸ ಇರಬೇಕು. ಒಂದು ಗಂಟೆ ಹತ್ತಿಳಿದು ಮನೆಗೆ ಬಂದು ಇಡ್ಲಿ ತಿನ್ನುವ ಹುಡುಗಿಗೆ ಅಲ್ಲಿಂದ ಸಿಗುವುದು ಒಳ್ಳೆಯ ನೋಟ, ಅಷ್ಟೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಒಗ್ಗಲು ಕೆಲವು ದಿನ ಮುಂಚೆ ಅಲ್ಲಿಗೇ ಹೋಗಿರಬೇಕು, ಇಲ್ಲಿಂದಲೇ ತಯಾರಾಗಿ ಹೋಗುವ ಉಪಾಯ ಇಲ್ಲ.

ನನಗೆ ಸಿಟ್ಟು ಬರುವುದು ಗಾಳಿಯ ವಿಷಯಕ್ಕಲ್ಲ, ‘ದಿನಾ’ ಮತ್ತು ‘ಓಡಿಸಿ’ ಎಂಬ ಮಾತಿಗೆ. ಅಷ್ಟು ಕಡಿದಾದ ಏರಿನಲ್ಲಿ ಐದಾರು ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಅದು ತಾಲೀಮಲ್ಲ, ಪೈಪೋಟಿ. ಎಲ್ಲರೂ ಏದುಸಿರು ಬಿಡುತ್ತಾರೆ, ಮೂರನೇ ವಾರಕ್ಕೆ ಒಬ್ಬೊಬ್ಬರೇ ಮೊಣಕಾಲು ಹಿಡಿದುಕೊಂಡು ಬರುತ್ತಾರೆ. ಅದರಲ್ಲೂ ಇಳಿಜಾರಿನ ಓಟ ಬೆಳೆಯುವ ಮೂಳೆಗೆ ಏರಿಗಿಂತ ಹೆಚ್ಚು ಪೆಟ್ಟು ಕೊಡುತ್ತದೆ.

ಸ್ಕೀ ಓಟದಲ್ಲಿ 5 ಕಿಲೋಮೀಟರ್ ಅಂದರೂ ಈ ವಯಸ್ಸಿನವರಿಗೆ ಕಾಲು ಗಂಟೆ ಮೀರಿದ ಕೆಲಸ. ಕೈ, ಕಾಲು, ಬೆನ್ನು, ಹೊಟ್ಟೆ ಎಲ್ಲ ಒಟ್ಟಿಗೆ ಆಮ್ಲಜನಕ ಕೇಳುತ್ತವೆ. ಅಷ್ಟನ್ನು ಒದಗಿಸುವ ಹೃದಯ ಬೆಳೆಯುವುದು ನಿಧಾನದ, ಬೇಸರ ಬರುವಷ್ಟು ನಿಧಾನದ ತಾಲೀಮಿನಿಂದ. ನಾರ್ವೆಯಂಥ ದೇಶದ ದೊಡ್ಡ ಸ್ಕೀಯರ್‌ಗಳ ವರ್ಷದ ತಾಲೀಮಿನಲ್ಲೂ ನೂರಕ್ಕೆ 80 ಪಾಲಿಗೂ ಹೆಚ್ಚು ಸಲೀಸಾದದ್ದೇ. ಅವರ ತಾಲೀಮಿನ ವರ್ಷ ಶುರುವಾಗುವುದೂ ಹಿಮ ಕರಗಿದ ಮೇಲೆ, ಮೇ ತಿಂಗಳ ಹೊತ್ತಿಗೆ. ಹಾಗಾಗಿ ನಿಮ್ಮ ಹುಡುಗಿಗೆ ಬೇಸಿಗೆಯಲ್ಲಿ ಹಿಮ ಇಲ್ಲದಿರುವುದು ದೊಡ್ಡ ಕೊರತೆಯಲ್ಲ. ಅಲ್ಲಿನವರಿಗೂ ಆಗ ಇರುವುದಿಲ್ಲ.

ಸಲೀಸು ಅಂದರೆ ಓಡುತ್ತಲೇ ಗೆಳತಿಯ ಜೊತೆ ಹರಟೆ ಹೊಡೆಯಲು ಆಗಬೇಕು. ಮಾತು ತುಂಡಾದರೆ ನಡೆಯಲಿ. ವಾರಕ್ಕೆ ಎರಡು ದಿನ ತೋಟದ ಮಣ್ಣು ರಸ್ತೆಯಲ್ಲಿ 40–50 ನಿಮಿಷ ಇಂಥ ಓಟ. ಒಂದು ದಿನ ಉದ್ದದ ನಡಿಗೆ, ಒಂದೂವರೆ ಗಂಟೆ, ಕೈಯಲ್ಲಿ ಎರಡು ಕೋಲು. ಗಿರಿ ಬೇಕೇ ಬೇಕು ಅಂದರೆ ಈ ದಿನ ಹೋಗಲಿ, ನಡೆದು. ಕೋಲಿಗೆ ದುಡ್ಡು ಸುರಿಯಬೇಡಿ, ತೋಟದ ಬಿದಿರು ಸಾಕು. ಹಿಂದೆ ಸ್ಕೀ ಕೋಲುಗಳನ್ನೇ ಬಿದಿರಿನಿಂದ ಮಾಡುತ್ತಿದ್ದರು. ಉದ್ದ ಕಂಕುಳಿಗಿಂತ ಒಂದು ಗೇಣು ಕಡಿಮೆ ಇರಲಿ. ಏರಿನಲ್ಲಿ ಕೋಲು ಊರಿ, ಎದುರು ಕಾಲನ್ನು ಉದ್ದಕ್ಕೆ ಚಾಚಿ ನೆಗೆಯುವ ಅಭ್ಯಾಸವನ್ನು ನಾಲ್ಕೈದು ಸಲ, ಅರ್ಧರ್ಧ ನಿಮಿಷ ಮಾಡಿಸಿ. ಹಿಮದ ಮೇಲಿನ ನಡೆಗೆ ತೀರಾ ಹತ್ತಿರದ್ದು ಇದೇ. ಇನ್ನೊಂದು ದಿನ ದಂಡ ಹೊಡೆಯುವುದು, ಹಗ್ಗ ಎಳೆಯುವುದು, ಬಾರ್‌ಗೆ ಜೋತು ಮೈ ಎತ್ತುವುದು. ನಮ್ಮ ಮಕ್ಕಳು ಕಾಲಲ್ಲಿ ಗಟ್ಟಿ. ಸ್ಕೀಯಲ್ಲಿ ಸೋಲುವುದು ಹೊಟ್ಟೆ ಮತ್ತು ತೋಳಲ್ಲಿ. ಉಳಿದ ದಿನಗಳಲ್ಲಿ ಒಂದು ದಿನ ಕಬಡ್ಡಿಯೋ ಫುಟ್‌ಬಾಲೋ ಆಡಲಿ. ಒಂದು ದಿನ ಪೂರ್ತಿ ರಜೆ. ಎಲ್ಲ ಸೇರಿ ವಾರದ ಗಂಟೆಗಳು ಮಗುವಿನ ವಯಸ್ಸು ಮೀರಬಾರದು. 14 ವರ್ಷಕ್ಕೆ 14 ಗಂಟೆ ಎಂಬುದು ಮೇಲಿನ ಗಡಿ, ಮುಟ್ಟಲೇಬೇಕಾದ ಗುರಿಯಲ್ಲ. ನಾನಾದರೆ ಎಂಟಕ್ಕೇ ನಿಲ್ಲಿಸುತ್ತೇನೆ.

ಇನ್ನು ರೋಲರ್ ಸ್ಕೀ. ಸಾಮಾನ್ಯ ರೋಲರ್ ಸ್ಕೀಗೆ ಬ್ರೇಕ್ ಇರುವುದಿಲ್ಲ. ಈ ವಾಕ್ಯವನ್ನು ಇನ್ನೊಮ್ಮೆ ಓದಿ, ಆಮೇಲೆ ಗಿರಿ ರಸ್ತೆಯ ತಿರುವುಗಳನ್ನೂ ವಾರಾಂತ್ಯದ ಪ್ರವಾಸಿಗರ ಜೀಪುಗಳನ್ನೂ ನೆನಪಿಸಿಕೊಳ್ಳಿ. ಅಭ್ಯಾಸ ಏನಿದ್ದರೂ ವಾಹನ ಬರದ ಸಮತಟ್ಟು ಡಾಂಬರಿನ ಮೇಲೆ, ಹೆಲ್ಮೆಟ್, ಗ್ಲೌಸ್, ಮೊಣಕಾಲು ಮೊಣಕೈ ಪ್ಯಾಡ್ ಹಾಕಿಕೊಂಡು, ಕಲಿಸುವವರು ಪಕ್ಕದಲ್ಲಿದ್ದಾಗ. ಮೊದಲ ವಾರ ಕೋಲು ಕೊಡಬೇಡಿ, ಒಂಟಿ ಕಾಲಿನಲ್ಲಿ ತೂಕ ಹಿಡಿಯಲು ಕಲಿಯಲಿ. ಬೀಳುವುದನ್ನು ಹುಲ್ಲಿನ ಮೇಲೆ ಕಲಿಸಿ. ರಸ್ತೆಗೆ ಬಳಸುವ ಕೋಲಿನ ತುದಿ ಚೂಪಾದ ಗಟ್ಟಿ ಲೋಹದ್ದು, ಹಾಗಾಗಿ ಮಕ್ಕಳ ನಡುವೆ ಅಂತರ ಬೇಕು. ಹೂಮಳೆ ಬಿದ್ದ ದಿನ ರಸ್ತೆ ಜಾರುತ್ತದೆ, ಅವತ್ತು ರೋಲರ್ ಸ್ಕೀ ಪೆಟ್ಟಿಗೆಯಲ್ಲೇ ಇರಲಿ. ಇಳಿಜಾರು ಈ ವರ್ಷ ಬೇಡವೇ ಬೇಡ. ನನ್ನನ್ನು ಪುಕ್ಕಲ ಅನ್ನಿ, ಚಿಂತೆಯಿಲ್ಲ.

ಎರಡು ಎಚ್ಚರಿಕೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬು ನೋಯುತ್ತಿದ್ದರೆ, ಬೆಳೆಯುವ ವಯಸ್ಸಿನಲ್ಲಿ ಅದು ಸಾಮಾನ್ಯ. ಓಟ, ನೆಗೆತ ಕಡಿಮೆ ಮಾಡಿ, ತಗ್ಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ‘ನರ ಸರಿದಿದೆ’ ಎಂದು ಎಣ್ಣೆ ಹಚ್ಚಿ ಎಳೆಯುವವರ ಹತ್ತಿರ ಕರೆದುಕೊಂಡು ಹೋದವರು ಆಮೇಲೆ ನನಗೆ ಫೋನ್ ಮಾಡಬೇಡಿ. ಎರಡನೆಯದು, ಮುಟ್ಟು ಮೂರು ತಿಂಗಳು ನಿಂತರೆ ‘ತಾಲೀಮು ಹೆಚ್ಚಾದರೆ ಹಾಗೇ’ ಎಂದು ಸಮಾಧಾನ ಹೇಳುವ ತರಬೇತುದಾರರಿದ್ದಾರೆ. ಹೆಚ್ಚಿನ ಸಲ ಅದು ಊಟ ಸಾಲುತ್ತಿಲ್ಲ ಎಂಬ ಸೂಚನೆ; ಹಾಗೇ ಬಿಟ್ಟರೆ ಮೂಳೆ ಸೊರಗುತ್ತದೆ. ತಾಲೀಮು ನಿಲ್ಲಿಸಿ, ವೈದ್ಯರನ್ನು ಕಾಣಿ, ಹಿಮೋಗ್ಲೋಬಿನ್ ಕೂಡ ನೋಡಿಸಿ.

ಪ್ರಶ್ನೆ: ಕಾಲಿಗೆ ಮರಳಿನ ಚೀಲ ಕಟ್ಟಿ ಓಡಿಸಿದರೆ ವೇಗ ಬರುತ್ತದೆಯೇ?

ಉತ್ತರ: ಮಂಡಿನೋವು ಬರುತ್ತದೆ.

ಪ್ರಶ್ನೆ: ಬೆವರು ಇಳಿಯಲಿ ಅಂತ ಮಳೆ ಜಾಕೆಟ್ ಹಾಕಿಸಿ ಓಡಿಸುತ್ತಾರೆ.

ಉತ್ತರ: ಇಳಿಯುವುದು ನೀರು, ಕೊಬ್ಬಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮಗು ಕುಸಿದು ಬಿದ್ದರೆ ಜಾಕೆಟ್ ಹಾಕಿಸಿದವರು ಸಿಗುವುದಿಲ್ಲ. ಕ್ಲಬ್ ಬದಲಿಸಿ.

ಪ್ರಶ್ನೆ: ತಣ್ಣೀರಿನ ತೊಟ್ಟಿಯಲ್ಲಿ ಐಸ್ ಹಾಕಿ ಕೂರಿಸಿದರೆ ಹಿಮಕ್ಕೆ ಒಗ್ಗುತ್ತಾರಾ?

ಉತ್ತರ: ಇಲ್ಲ. ಫ್ರಿಜ್ ಬಾಗಿಲು ಮುಚ್ಚಿ.

ಪ್ರಶ್ನೆ: ಪ್ರೋಟೀನ್ ಪುಡಿ ಯಾವುದು ಒಳ್ಳೆಯದು?

ಉತ್ತರ: ಮೊಟ್ಟೆ, ಹಾಲು, ಕಾಳು. ಡಬ್ಬ ಮಾರುವ ಜಿಮ್ಮಿನವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಆಲ್ದೂರು ಕಡೆ ನಮ್ಮ ತೋಟ. ಬೆಳಿಗ್ಗೆ ನಾಲ್ಕೂವರೆಗೇ ಮಗನನ್ನು ಓಡಲು ಕಳಿಸಬಹುದಾ?

ಉತ್ತರ: ಆನೆ ಓಡಾಡುವ ತೋಟಗಳ ನಡುವೆ ಕತ್ತಲಲ್ಲಿ ಹುಡುಗನನ್ನು ಒಬ್ಬನೇ ಬಿಡುವುದೇ? ಬೆಳಕು ಹರಿದ ಮೇಲೆ, ಜೊತೆಗೊಬ್ಬರಿದ್ದಾಗ, ಆನೆ ಎಲ್ಲಿದೆ ಎಂದು ತೋಟದವರನ್ನು ವಿಚಾರಿಸಿಕೊಂಡು ಕಳಿಸಿ.

ಪ್ರಶ್ನೆ: ಕಿರಿಯವನಿಗೆ ಎಂಟು ವರ್ಷ. ಅವನನ್ನೂ ಅಕ್ಕನ ಜೊತೆ ತಾಲೀಮಿಗೆ ಸೇರಿಸಲಾ?

ಉತ್ತರ: ಬೇಡ. ಸೈಕಲ್ ಹೊಡೆಯಲಿ, ಮರ ಹತ್ತಲಿ, ಲಗೋರಿ ಆಡಲಿ. ನಾಲ್ಕು ವರ್ಷ ಬಿಟ್ಟು ಅವನೇ ಕೇಳಿದರೆ ಆಗ ಬರೆಯಿರಿ.