ಸ್ಟೇರಿಂಗ್ ರ‍್ಯಾಕ್ ಸೋರುತ್ತಿದೆ, ಮನೆಯಲ್ಲೇ ಬಿಚ್ಚಬಹುದೇ?

ಪ್ರಶ್ನೆ: ನನ್ನದು ಹನ್ನೆರಡು ವರ್ಷ ಹಳೆಯ ಕಾರು. ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೇರಿಂಗ್ ಇದೆ. ದಿನವೂ ಸೇಡಂಗೆ ಹೋಗಿಬರುತ್ತೇನೆ. ಈಚೆಗೆ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಫರಸಿಯ ಮೇಲೆ, ಎಡಗಡೆಯ ಮುಂದಿನ ಚಕ್ರದ ಒಳಬದಿಗೆ ಕೆಂಪು ಎಣ್ಣೆಯ ಕಲೆ ಇರುತ್ತದೆ. ಇಡೀ ರ‍್ಯಾಕ್ (ಸ್ಟೇರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಭಾಗ) ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಎಣ್ಣೆ ಸೋರದಂತೆ ತಡೆಯುವ ಸೀಲುಗಳ ಕಿಟ್ ತಂದು ನಾನೇ ಹಾಕಿಕೊಳ್ಳಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸೋರುತ್ತಿರುವುದು ರ‍್ಯಾಕೇ ಹೌದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಎಣ್ಣೆ ಒಂದು ಕಡೆ ಸೋರಿ, ಪೈಪಿನ ಮೈಗುಂಟ ಹರಿದು, ಮತ್ತೊಂದು ಕಡೆ ತೊಟ್ಟಿಕ್ಕುವುದರಿಂದ ನೆಲದ ಮೇಲಿನ ಕಲೆಯೊಂದನ್ನೇ ನಂಬುವಂತಿಲ್ಲ. ಪಂಪು, ಪೈಪುಗಳು ಮತ್ತು ಅವುಗಳ ಜೋಡಣೆಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮರುದಿನ ಟಾರ್ಚ್ ಹಿಡಿದು ಹೊಸ ಪಸೆ ಎಲ್ಲಿ ಕಾಣಿಸಿಕೊಂಡಿದೆ ಎಂದು ನೋಡಿ. ಎಣ್ಣೆ ಡಬ್ಬಿಗೆ ಮರಳಿ ಬರುವ ರಬ್ಬರ್ ಪೈಪಿನಲ್ಲಿ ಒತ್ತಡ ಕಡಿಮೆ. ನಮ್ಮ ಭಾಗದ 40 ಡಿಗ್ರಿ ಮೀರುವ ಬೇಸಿಗೆಗೆ ಆ ರಬ್ಬರು ಕಲ್ಲಿನಂತಾಗಿ ಕ್ಲಿಪ್ಪಿನ ಬಳಿ ಸೀಳುತ್ತದೆ. ಇದೊಂದೇ ದೋಷವಾಗಿದ್ದರೆ ಎಣ್ಣೆ ತಾಳುವ ಹೊಸ ಪೈಪನ್ನು ಮನೆಯಲ್ಲೇ ನಿಶ್ಚಿಂತೆಯಿಂದ ಹಾಕಿಕೊಳ್ಳಬಹುದು. ಆದರೆ ಪಂಪಿನಿಂದ ರ‍್ಯಾಕಿಗೆ ಹೋಗುವ ಪೈಪಿನೊಳಗೆ, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ, ವಾತಾವರಣದ ಗಾಳಿಯ ಒತ್ತಡದ 70 ಪಟ್ಟನ್ನೂ ಮೀರಿದ ಒತ್ತಡ ಏಳುತ್ತದೆ. ಅದಕ್ಕೆ ತೇಪೆ ಹಾಕಬೇಡಿ, ಎಂಜಿನ್ ಓಡುತ್ತಿರುವಾಗ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಲೂ ಬೇಡಿ.

ಪೈಪುಗಳ ಮೇಲೆ ಪಸೆ ಇಲ್ಲದಿದ್ದರೆ ರ‍್ಯಾಕಿನ ಎಡತುದಿಯ ಧೂಳು ತಡೆಯುವ ರಬ್ಬರ್ ಹೊದಿಕೆಯಾದ ಬೂಟಿನ ಕ್ಲಿಪ್ ಸಡಿಲಿಸಿ, ಬೂಟನ್ನು ಹಿಂದಕ್ಕೆ ಸರಿಸಿ. ಒಳಗಿನಿಂದ ಎಣ್ಣೆ ಸುರಿದರೆ ತುದಿಯ ಸೀಲು ಹೋಗಿದೆ ಎಂದು ತಿಳಿಯಬೇಕು. ಆಗ ಆ ಬೂಟನ್ನೂ ಸೂಕ್ಷ್ಮವಾಗಿ ನೋಡಿ. ಸುಣ್ಣಕಲ್ಲಿನ ಲಾರಿಗಳು ಎಬ್ಬಿಸುವ ಧೂಳು ಮತ್ತು ಮಳೆಗಾಲದ ಎರೆಮಣ್ಣಿನ ಕೆಸರು ಬೂಟಿನ ಸಣ್ಣದೊಂದು ಸೀಳಿನಿಂದ ಒಳಸೇರಿ, ಅತ್ತಿತ್ತ ಸರಿಯುವ, ನುಣ್ಣಗೆ ಹೊಳೆಯಬೇಕಾದ ಉಕ್ಕಿನ ಸರಳಾದ ರ‍್ಯಾಕ್ ಬಾರಿಗೆ ತುಕ್ಕು ಹಿಡಿಸುತ್ತವೆ. ಆಮೇಲೆ ಸೀಲನ್ನು ಕೊರೆಯುವುದು ಆ ತುಕ್ಕೇ.

ಕೆಲವು ವರ್ಷಗಳ ಹಿಂದೆ ನಾನು ಹಳೆಯ ಕಾರೊಂದರ ರ‍್ಯಾಕಿಗೆ ಎರಡು ದಿನ ಕುಳಿತು ಹೊಸ ಸೀಲುಗಳನ್ನು ಕೂರಿಸಿದ್ದೆ. ಮೂರನೆಯ ವಾರಕ್ಕೆ ಬೂಟು ಮತ್ತೆ ಎಣ್ಣೆಯಿಂದ ಉಬ್ಬಿತ್ತು. ಬಿಚ್ಚಿ ನೋಡಿದಾಗ ಬಾರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ತುಕ್ಕಿನ ಗುಳಿಯಿತ್ತು; ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಉಗುರು ಎಳೆದಾಗ ಅಲ್ಲಿ ತಡೆಯುತ್ತಿತ್ತು. ನೀವೂ ಬಾರನ್ನು ಒರೆಸಿ ಉಗುರು ಎಳೆದು ನೋಡಿ. ಉಗುರು ತಡೆದರೆ ಸೀಲ್ ಕಿಟ್ಟಿಗೆ ಹಣ ಹಾಕಬೇಡಿ. ನಿಮ್ಮ ಗ್ಯಾರೇಜಿನವರು ಹೇಳಿದ್ದು ಸರಿ.

ಬಾರು ನುಣ್ಣಗಿದ್ದರೂ ಒಳಸೀಲುಗಳನ್ನು ಕೂರಿಸಲು ವಿಶೇಷ ಉಪಕರಣಗಳು ಬೇಕಾಗುವುದರಿಂದ, ರ‍್ಯಾಕನ್ನು ಮನೆಯಲ್ಲಿ ಕಳಚಿ, ಅದನ್ನು ಬಿಚ್ಚುವ ಕೆಲಸವನ್ನು ಸ್ಟೇರಿಂಗ್ ರಿಪೇರಿಯವರಿಗೆ ಒಪ್ಪಿಸುವುದು ಮೇಲು. ಎಂಜಿನ್ನಿನ ಕೆಳಗಿನ ಅಡ್ಡಚೌಕಟ್ಟನ್ನು ಇಳಿಸದೆ ರ‍್ಯಾಕ್ ಹೊರಬಾರದ ಕಾರು ನಿಮ್ಮದಾಗಿದ್ದರೆ ಕಳಚುವ ಕೆಲಸಕ್ಕೂ ಕೈಹಾಕಬೇಡಿ. ಅಂಗಳದ ಫರಸಿ ಜಾಕಿನ ಭಾರಕ್ಕೆ ಬಿರಿಯಬಹುದು, ಎರೆನೆಲದಲ್ಲಿ ಜಾಕು ಹೂತುಹೋಗಬಹುದು; ಗಟ್ಟಿ ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಕಬ್ಬಿಣದ ಸ್ಟ್ಯಾಂಡುಗಳಿಗೆ ಭಾರ ಕೊಟ್ಟ ಮೇಲೆಯೇ ಕೆಳಗೆ ನುಸುಳಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸ್ಟೇರಿಂಗ್ ಚಕ್ರವನ್ನು ಅಲುಗಾಡದಂತೆ ಬಿಗಿಯಲೇಬೇಕು, ಏಕೆಂದರೆ ರ‍್ಯಾಕಿನಿಂದ ಬೇರ್ಪಟ್ಟ ಚಕ್ರ ಸುಮ್ಮನೆ ಸುತ್ತಿದರೆ ಅದರೊಳಗಿನ ಸುರುಳಿ ತಂತಿ ಹರಿದುಹೋಗುತ್ತದೆ. ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಸರಳಿನ ತುದಿಯನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತೆಂದು ಎಣಿಸಿ ಬರೆದಿಡಿ; ಮರುಜೋಡಿಸುವಾಗ ಅಷ್ಟೇ ಸುತ್ತು ತಿರುಗಿಸಿ ಕೂರಿಸಿ.

ಮರುಜೋಡಿಸಿದ ಮೇಲೆ ಕಾರಿನ ಕೈಪಿಡಿ ಹೇಳುವ ಎಣ್ಣೆಯನ್ನೇ ತುಂಬಿ, ಮುಂದಿನ ಚಕ್ರಗಳು ಮೇಲಿರುವಾಗಲೇ, ಎಂಜಿನ್ ಚಾಲೂ ಮಾಡದೆ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಹದಿನೈದಿಪ್ಪತ್ತು ಬಾರಿ ತಿರುಗಿಸಿ. ಡಬ್ಬಿಯಲ್ಲಿ ನೊರೆ ಕಂಡರೆ ಗಾಳಿ ಇನ್ನೂ ಒಳಗಿದೆ ಎಂದರ್ಥ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಎಣಿಸಿದ ಸುತ್ತುಗಳು ಕಾರನ್ನು ಅಲ್ಲಿಯವರೆಗೆ ಒಯ್ಯುವುದಕ್ಕಷ್ಟೇ ಸಾಕು.

ಪ್ರಶ್ನೆ: ಸೋರಿಕೆ ನಿಲ್ಲಿಸುವ ಔಷಧಿಯನ್ನು ಡಬ್ಬಿಗೆ ಹಾಕಿದರೆ ಸಾಲದೇ? ತುರ್ತಿಗೆ ಬ್ರೇಕ್ ಆಯಿಲ್ ಹಾಕಬಹುದೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಇಂತಹ ಔಷಧಿ ಒಣಗಿದ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ, ಸಣ್ಣ ಪಸೆ ಕೆಲವು ದಿನ ನಿಲ್ಲಬಹುದು, ಹರಿದ ಸೀಲು ಮಾತ್ರ ಕೂಡುವುದಿಲ್ಲ. ಬ್ರೇಕ್ ಆಯಿಲನ್ನು ಒಂದು ಹನಿಯೂ ಹಾಕಬೇಡಿ, ಅದು ಪವರ್ ಸ್ಟೇರಿಂಗಿನ ಸೀಲುಗಳನ್ನೇ ಕೆಡಿಸುತ್ತದೆ. ತಿರುಗಿಸುವಾಗ ಪಂಪು ನರಳುವ ಸದ್ದು ಮಾಡಿದರೆ ಎಣ್ಣೆ ತೀರಾ ಇಳಿದಿದೆ ಎಂದು ತಿಳಿದು ಗಾಡಿ ನಿಲ್ಲಿಸಿ, ಸರಿಯಾದ ಎಣ್ಣೆ ತುಂಬಿ. ಸೋರಿದ ಎಣ್ಣೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಬೆಂಕಿಯ ಅಪಾಯವಿದೆ. ಆಗ ಕಾರನ್ನು ಓಡಿಸದೆ ಟೋ ಮಾಡಿಸಿಕೊಂಡು ಒಯ್ಯಿರಿ.