ಟೀಚರಿಗೊಂದು ಪ್ರಶ್ನೆ: ಶಾಲೆಯ ದೀಪ, ಸಭೆಯ ವೋಟು

ಪ್ರಶ್ನೆ: ಪ್ರಿಯ ಟೀಚರ್, ನನ್ನ ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಗಳ ಜೊತೆ ದೀಪ ಬೆಳಗಿಸಲು ಅವಳನ್ನು ಆರಿಸಿದ್ದಾರೆ. ನಾವು ಕ್ರೈಸ್ತರು. ನಮ್ಮ ಪ್ರಾರ್ಥನಾ ಕೂಟದವರು ಅದು ವಿಗ್ರಹಾರಾಧನೆ, ಬೇಡವೇ ಬೇಡ ಎನ್ನುತ್ತಾರೆ. ನಮ್ಮ ಯಜಮಾನರು, ಬೇಡವೆಂದರೆ ಊರವರು ಏನೆಂದುಕೊಂಡಾರು ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಕಾರ್ಕಳ

ಉತ್ತರ: ಮೊದಲು ಶಾಲೆಗೆ ಹೋಗಿ, ಆ ದೀಪವನ್ನು ಎಲ್ಲಿ, ಯಾವುದರ ಮುಂದೆ ಇಡುತ್ತಾರೆ ಎಂದು ವಿಚಾರಿಸಿ. ತಮಾಷೆಗೆ ಹೇಳುತ್ತಿಲ್ಲ. ವೇದಿಕೆಯ ಮೇಲೆ ಬರೀ ಕಾಲುದೀಪ ಇದ್ದು, ಶಾಸಕರು, ಮುಖ್ಯೋಪಾಧ್ಯಾಯರು ಒಂದೊಂದು ಬತ್ತಿ ಹಚ್ಚಿ ಫೋಟೋಕ್ಕೆ ನಿಲ್ಲುವ ಕ್ರಮವಾದರೆ ಅದು ಉದ್ಘಾಟನೆ. ನೌಕರಿಯಲ್ಲಿದ್ದಾಗ ನಾನೂ ಅಂಥ ದೀಪ ಹಚ್ಚಿದ್ದೇನೆ. ಆದರೆ ಶಾರದೆಯ ಪಟವಿಟ್ಟು, ಹೂವೇರಿಸಿ, ಮಂತ್ರ ಹೇಳಿ ಆರತಿ ಎತ್ತುವುದಾದರೆ ಅದು ನೆರೆಯವರ ಆರಾಧನೆ. ‘ಅಯ್ಯೋ, ಅದು ಬರೀ ಸಂಸ್ಕೃತಿ’ ಎಂದು ಹಗುರ ಮಾಡಿದರೆ ಮೊದಲು ಅವಮಾನವಾಗುವುದು ಅವರ ಭಕ್ತಿಗೇ. ಅಲ್ಲಿ ನಿಮ್ಮ ಮಗಳು ಗೌರವದಿಂದ ಎದ್ದು ನಿಲ್ಲಲಿ. ಆರತಿ ತಟ್ಟೆಗೆ ಕೈ ಹಾಕುವುದು ಬೇಡ.

ಇದು ನಾನು ಕಂಡುಹಿಡಿದ ಉಪಾಯವಲ್ಲ. ಹಳೆಯ ಗ್ರೀಕ್ ಪಟ್ಟಣವಾದ ಕೊರಿಂಥದ ಅಂಗಡಿಗಳಲ್ಲಿ ಗುಡಿಯ ಬಲಿಯ ಮಾಂಸವೂ ಮಾರಾಟಕ್ಕೆ ಬರುತ್ತಿತ್ತು. ಅಪೊಸ್ತಲ ಪೌಲನು ಅಲ್ಲಿನವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಅಂಗಡಿಯಲ್ಲಿ ಕೊಂಡದ್ದನ್ನು ವಿಚಾರಣೆ ಮಾಡದೆ ತಿನ್ನಿರಿ ಎನ್ನುತ್ತಾನೆ. ಇದು ನೈವೇದ್ಯವಾದದ್ದು ಎಂದು ಊಟದಲ್ಲಿ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿರಿ ಎನ್ನುತ್ತಾನೆ. ವಿಗ್ರಹದ ಪಂಕ್ತಿಯಲ್ಲಿ ಕೂರುವುದನ್ನಂತೂ ಖಂಡಿತವಾಗಿ ಬೇಡವೆನ್ನುತ್ತಾನೆ. ನಿಮ್ಮ ಕೂಟದವರು ಕೊನೆಯದನ್ನು ಮಾತ್ರ ಓದಿದ್ದಾರೆ. ಯಜಮಾನರು ಮೊದಲನೆಯದನ್ನು ಓದಿದ್ದರೆ ಸಂತೋಷ, ಓದದೆಯೇ ಹೇಳಿರಬಹುದೆಂದು ನನ್ನ ಗುಮಾನಿ.

ಕೂಟದವರಿಗೆ ಇನ್ನೊಂದು ಮಾತು ಹೇಳಬೇಕು. ಕನ್ನಡ ನಾಡಿನದೆಲ್ಲವೂ ಅನ್ಯ ಎಂಬ ಈ ಅಂಜಿಕೆ ನಮ್ಮ ಹಿರಿಯರಿಂದ ಬಂದದ್ದಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ಸಡಿಲ ಮನುಷ್ಯರೇನೂ ಆಗಿರಲಿಲ್ಲ. ಭೂತಾರಾಧನೆ ಬಿಡಬೇಕು, ಕಳ್ಳು ಬಿಡಬೇಕು ಎಂದು ಕಟ್ಟುನಿಟ್ಟು ಮಾಡಿದರು. ನನ್ನ ಅಜ್ಜನ ತಂದೆ ಹಾಗೆಯೇ ಕಳ್ಳು ಇಳಿಸುವ ಮೂರ್ತೆದಾರಿಕೆ ಬಿಟ್ಟು ಜೆಪ್ಪುವಿನ ಹಂಚಿನ ಕಾರ್ಖಾನೆ ಸೇರಿದವರು. ಆ ಕಾರ್ಖಾನೆ 1865ರಲ್ಲಿ ಶುರುವಾದದ್ದೇ ಹೀಗೆ ಕಸುಬು ಬಿಟ್ಟು ಬಂದವರಿಗೆ ಅನ್ನದ ದಾರಿಯಾಗಲೆಂದು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ನಮ್ಮ ಛಂದಸ್ಸಿನಲ್ಲೇ ಹಾಡಿದರು. 1872ರಲ್ಲಿ ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮುಗಿದು ಹೊರಬಂದದ್ದು 1894ರಲ್ಲಿ. ಕೇಶಿರಾಜ ಜೈನ ಕವಿ. ಅವನ ಗ್ರಂಥ ಮುಟ್ಟಿದರೆ ವಿಶ್ವಾಸ ಕರಗುತ್ತದೆಂದು ಕಿಟೆಲ್ ಹೆದರಲಿಲ್ಲ. ಯಾವುದನ್ನು ಬಿಡಬೇಕೆಂದು ಸ್ಪಷ್ಟವಾಗಿ ತಿಳಿದಿದ್ದ ಕಾರಣ ಉಳಿದದ್ದನ್ನು ಧೈರ್ಯವಾಗಿ ಎತ್ತಿಕೊಂಡರು.

ಇಷ್ಟಾದ ಮೇಲೂ ನಿಮ್ಮ ಮಗಳ ಮನಸ್ಸು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಶಾಲೆಯೂ ಮಾಡುವಂತಿಲ್ಲ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಮರುವರ್ಷ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಅವರು ಯೆಹೋವನ ಸಾಕ್ಷಿಗಳ ಪಂಗಡದವರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕತ್ವವನ್ನೇ ಒಪ್ಪದ ಅವರ ಬೋಧನೆ ನನಗೆ ಸ್ವಲ್ಪವೂ ಸಮ್ಮತವಲ್ಲ, ನಾನಂತೂ ರಾಷ್ಟ್ರಗೀತೆಯನ್ನು ಗಂಟಲು ಬಿಚ್ಚಿ ಹಾಡುತ್ತೇನೆ. ಆದರೂ ಅವರಿಗೆ ಸಿಕ್ಕ ಆ ನೆರಳಿನಲ್ಲಿ ನಾವೂ ನಿಂತಿದ್ದೇವೆ. ಒಂದು ಎಚ್ಚರಿಕೆ: ಬೇಡವೆನ್ನುವುದಾದರೆ ನೀವೇ ಮುಂಚಿತವಾಗಿ ಹೋಗಿ ಮುಖ್ಯೋಪಾಧ್ಯಾಯರಿಗೆ ಹೇಳಿ. ವೇದಿಕೆಯ ಮೇಲೆ ಮಗು ತಾನೇ ಬೇಡವೆನ್ನಬೇಕಾದ ಸ್ಥಿತಿ ತರಬೇಡಿ. ಬದಲಿಗೆ ಸ್ವಾಗತಗೀತೆ ಹಾಡುತ್ತಾಳೆ ಎಂದರೆ ಯಾವ ಶಾಲೆಯೂ ಬೇಡವೆನ್ನುವುದಿಲ್ಲ.

ಪ್ರಶ್ನೆ: ಮಾನ್ಯ ಟೀಚರ್, ಚುನಾವಣೆಗೆ ಮುಂಚಿನ ಭಾನುವಾರ ನಮ್ಮ ಚರ್ಚಿನ ಸಭೆಯ ಹಿರಿಯರು ಒಬ್ಬ ಅಭ್ಯರ್ಥಿಯನ್ನು ಆರಾಧನೆಯ ಕೊನೆಗೆ ಮುಂದೆ ಕರೆದು ಶಾಲು ಹೊದಿಸಿದರು. ಸ್ಮಶಾನಕ್ಕೆ ಆವರಣ ಗೋಡೆ ಕಟ್ಟಿಸಿಕೊಡುತ್ತಾರಂತೆ, ‘ನಮ್ಮವರ ವೋಟು ಒಡೆಯಬಾರದು’ ಎಂದರು. ಆಕ್ಷೇಪಿಸಿದ್ದಕ್ಕೆ ನಾನೇ ತಲೆಹರಟೆಯಾದೆ. ಎಲ್ಲ ಸಮುದಾಯದವರೂ ಮಾಡುವುದನ್ನು ನಾವು ಮಾಡಿದರೆ ತಪ್ಪೇ?
– ಒಬ್ಬ ಯುವಕ, ಧಾರವಾಡ

ಉತ್ತರ: ತಪ್ಪು ತಮ್ಮಾ, ದೊಡ್ಡ ತಪ್ಪು. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯುವ 1988ರ ಕೇಂದ್ರ ಕಾಯ್ದೆಯ ಪ್ರಕಾರ ಮಂದಿರ, ಮಸೀದಿ, ಚರ್ಚು ಯಾವುದರ ಜಾಗವನ್ನೂ ರಾಜಕೀಯ ಪ್ರಚಾರಕ್ಕೆ ಬಿಟ್ಟುಕೊಡುವಂತಿಲ್ಲ. ಬಿಟ್ಟವರಿಗೆ ಜೈಲು ಶಿಕ್ಷೆಯೂ ಆಗಬಹುದು. ಮತದಾರರ ಧರ್ಮದ ಹೆಸರಿನಲ್ಲಿ ಅಭ್ಯರ್ಥಿ ವೋಟು ಕೇಳುವುದೂ ಭ್ರಷ್ಟ ಚುನಾವಣಾ ಆಚರಣೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಬಹುಮತದಿಂದ ಹೇಳಿದೆ. ನಿಮ್ಮ ಹಿರಿಯರಿಗೆ ಈ ಎರಡನ್ನೂ ಬರೆದು ಕೊಡಿ.

ಕಾನೂನು ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಅಧಿಕಾರಿಗಳಿಗಾಗಿ ಪ್ರಾರ್ಥಿಸಿರಿ ಎಂದು ತಿಮೊಥೆಯನಿಗೆ ಬರೆದ ಪತ್ರಿಕೆ ಹೇಳುತ್ತದೆ. ಗೆದ್ದವನಿಗಾಗಿಯೂ ಸೋತವನಿಗಾಗಿಯೂ ಪ್ರಾರ್ಥಿಸಬೇಕಾದ ಜಾಗದಲ್ಲಿ ಒಬ್ಬನಿಗೆ ಮಾತ್ರ ಶಾಲು ಹೊದಿಸಿದರೆ, ಇನ್ನೊಬ್ಬನಿಗೆ ವೋಟು ಹಾಕುವ ವಿಧವೆ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೇಗೆ ಮುಂದೆ ಬರಬೇಕು? ನಾನು ಹಳೆಯ ಕಾಲದವಳು. ಮದ್ಯದಂಗಡಿಯ ಬಗ್ಗೆ, ಮದುವೆಯ ಪಾವಿತ್ರ್ಯದ ಬಗ್ಗೆ, ಹುಟ್ಟದ ಶಿಶುವಿನ ಬಗ್ಗೆ ನನ್ನ ಅಭಿಪ್ರಾಯಗಳು ಇಂದಿನವರಿಗೆ ರುಚಿಸುವುದಿಲ್ಲ. ಅವನ್ನು ಪತ್ರಿಕೆಗೆ ಬರೆಯುತ್ತೇನೆ, ಗ್ರಾಮಸಭೆಯಲ್ಲಿ ಎದ್ದು ಹೇಳುತ್ತೇನೆ. ಪ್ರಸಂಗ ಪೀಠದಿಂದ ಪಕ್ಷದ ಹೆಸರು ಹೇಳಿಸುವುದಿಲ್ಲ.

‘ನಮ್ಮವರ ವೋಟು’ ಎಂಬ ಲೆಕ್ಕವನ್ನು ನಮ್ಮ ಹಿರಿಯರು ಎಂದೋ ಬಿಟ್ಟಿದ್ದರು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿ ಬಂಗಾಳದ ಕ್ರೈಸ್ತರು. ಧರ್ಮದ ಆಧಾರದ ಮೀಸಲು ಕ್ಷೇತ್ರಗಳನ್ನು ಕೈಬಿಡುವ ನಿರ್ಣಯ 1949ರಲ್ಲಿ ಬಂದಾಗ ಅವರು ಅದನ್ನು ಬೆಂಬಲಿಸಿದರು. ಅಷ್ಟು ದೊಡ್ಡದನ್ನು ಬಿಟ್ಟುಕೊಟ್ಟವರ ಮೊಮ್ಮಕ್ಕಳು ನಾವು ಒಂದು ಗೋಡೆಗೆ ಮಾರಿಕೊಳ್ಳುವುದೇ? ಗೋಡೆ ಬೇಕಾದರೆ ಪಂಚಾಯಿತಿಗೆ ಅರ್ಜಿ ಕೊಡಿ, ಇಲ್ಲವೇ ಕಾಣಿಕೆ ಎತ್ತಿ.

ಪ್ರಶ್ನೆ: ಮಗನ ಟ್ಯೂಷನ್ ಭಾನುವಾರ ಬೆಳಿಗ್ಗೆಯೇ ಇದೆ. ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಆರಾಧನೆ ತಪ್ಪಿದರೆ ಪಾಪವೇ?
– ಒಬ್ಬ ತಂದೆ, ಉಡುಪಿ

ಉತ್ತರ: ಸಮಯ ಬದಲಿಸಲು ಟ್ಯೂಷನ್ನಿನವರನ್ನು ಕೇಳಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಮೊದಲು ಕೇಳಿ, ಅವರು ಒಪ್ಪದಿದ್ದರೆ ಟ್ಯೂಷನ್ ಬದಲಿಸಿ. ಗಣಿತದಲ್ಲಿ ನಾಲ್ಕು ಅಂಕ ಕಡಿಮೆಯಾದರೆ ನನ್ನನ್ನು ಬೈಯಿರಿ.