ಕಾಲ್ಪನಿಕ ಸುಲ್ತಾನನ ಹಡಗುಗಳಿಗೆ ಯಾವ ಹೆಸರು?

ಪ್ರಶ್ನೆ: ನಾನು ಬರೆಯುತ್ತಿರುವ ಕಾದಂಬರಿಯಲ್ಲಿ 17ನೆಯ ಶತಮಾನದ ಪಶ್ಚಿಮ ಕರಾವಳಿಯ ಒಬ್ಬ ಕಾಲ್ಪನಿಕ ಸುಲ್ತಾನನ ನೌಕಾಪಡೆ ಬರುತ್ತದೆ. ಅವನ ಯುದ್ಧನೌಕೆಗಳಿಗೆ ‘ಅಲ್-ಖಡ್ಗ’, ‘ಅಲ್-ರಹಮಾನ್’, ‘ಹೈರೆದ್ದಿನ್’ ಎಂದು ಹೆಸರಿಟ್ಟಿದ್ದೆ. ಹಸ್ತಪ್ರತಿ ಓದಿದ ಮುಸ್ಲಿಂ ಗೆಳೆಯರೊಬ್ಬರು ನಕ್ಕುಬಿಟ್ಟರು. ಒಪ್ಪುವಂಥ ಹೆಸರುಗಳನ್ನು ಹೇಗೆ ಆರಿಸಬೇಕು?
— ಒಬ್ಬ ಓದುಗ, ಕುಮಟಾ

ಉತ್ತರ: ನಿಮ್ಮ ಗೆಳೆಯರ ನಗುವಿಗೆ ಕಾರಣವಿದೆ. ‘ಅಲ್’ ಎಂಬುದು ಅರಬ್ಬಿ ಭಾಷೆಯ ವ್ಯಾಕರಣಕ್ಕೆ ಸೇರಿದ್ದು. ಅದನ್ನು ಸಂಸ್ಕೃತ ಪದದ ಮುಂದೆ ಅಂಟಿಸಿದರೆ ಹೆಸರು ಅರಬ್ಬಿಯೂ ಆಗುವುದಿಲ್ಲ, ಕನ್ನಡವೂ ಆಗಿ ಉಳಿಯುವುದಿಲ್ಲ. ‘ರಹಮಾನ್’ ದೇವರ ಹೆಸರು. ಮನುಷ್ಯರಿಗೆ ಇಡುವಾಗಲೇ ‘ಅಬ್ದುಲ್ ರಹಮಾನ್’, ಅಂದರೆ ರಹಮಾನನ ಸೇವಕ, ಎಂದು ಇಡುವ ಸಂಪ್ರದಾಯವಿರುವಾಗ, ನಾಳೆ ಮುಳುಗಬಹುದಾದ ಒಂದು ಹಡಗಿಗೆ ಅದನ್ನು ನೇರವಾಗಿ ಇಡಲು ಯಾವ ಶ್ರದ್ಧಾವಂತ ಸುಲ್ತಾನನೂ ಹಿಂಜರಿಯುತ್ತಾನೆ. ಆದರೆ ಒಂದು ಪ್ರತ್ಯಯ ಎಷ್ಟು ಕೆಲಸ ಮಾಡುತ್ತದೆ ನೋಡಿ: 1613ರಲ್ಲಿ ಪೋರ್ಚುಗೀಸರು ಹಿಡಿದ, ಜಹಾಂಗೀರನ ತಾಯಿಗೆ ಸೇರಿದ ಹಡಗಿನ ಹೆಸರು ‘ರಹೀಮಿ’. ‘ರಹೀಮ್’ಗೆ ಸಂಬಂಧಿಸಿದ್ದು ಎಂದಷ್ಟೇ ಅದರ ಅರ್ಥವಾದ್ದರಿಂದ ಯಾರೂ ಮುಜುಗರಪಡಬೇಕಾಗಿಲ್ಲ.

ಮೂರನೆಯ ಹೆಸರಿನ ತೊಡಕು ಬೇರೆ. ‘ಹೈರೆದ್ದಿನ್’ ಎನ್ನುವುದು ತುರ್ಕಿ ಉಚ್ಚಾರಣೆ. ನಮ್ಮ ದಖ್ಖನ್ನಿನಲ್ಲಿ ಅದೇ ಹೆಸರು ‘ಖೈರುದ್ದೀನ್’ ಆಗುತ್ತದೆ. ಎಲ್ಲ ಮುಸ್ಲಿಂ ರಾಜ್ಯಗಳಿಗೂ ಹೊಂದುವ ಹೆಸರುಗಳ ಒಂದೇ ಕಣಜವಿದೆ ಎಂದು ನಂಬಿದ್ದೇ ನಿಮ್ಮ ಮೂಲ ತಪ್ಪೆಂದು ನನಗೆ ತೋರುತ್ತದೆ. ಉಸ್ಮಾನಿ ತುರ್ಕರು ಸುಲ್ತಾನ ಮಹಮೂದನ ಹೆಸರಿನಿಂದ 1829ರ ತಮ್ಮ ಮಹಾನೌಕೆಯನ್ನು ‘ಮಹಮೂದಿಯೆ’ ಎಂದು ಕರೆದರು. ಇರಾನಿನಲ್ಲಂತೂ ಶಹಾನ ಕಾಲದ ನೌಕೆಗಳಿಗೆ ರುಸ್ತುಂ, ಜಾಲ್, ಸಾಮ್ ಎಂಬ ಪುರಾಣವೀರರ ಹೆಸರುಗಳಿದ್ದವು. 1979ರ ಕ್ರಾಂತಿಯ ನಂತರ ಅವು ಸಬಲಾನ್, ಅಲ್ಬೋರ್ಜ್, ಅಲ್ವಂದ್ ಎಂಬ ಬೆಟ್ಟಗಳ ಹೆಸರುಗಳಾಗಿ ಬದಲಾದವು. ಸೌದಿ ನೌಕಾಪಡೆಯಂತೆ ಬದ್ರ್, ಯರ್ಮೂಕ್, ಹಿತ್ತೀನ್ ಎಂದು ಹಳೆಯ ಯುದ್ಧಗಳನ್ನು ನೆನೆಯುವುದು ಇಂದಿನ ರಾಷ್ಟ್ರಗಳ ಅಭಿರುಚಿ. ಅದು ನಿಮ್ಮ ಕಾದಂಬರಿಗಿಂತ ಸಮಕಾಲೀನ ಪತ್ತೇದಾರಿ ಕಥೆಗೆ ಹೆಚ್ಚು ಒಗ್ಗುತ್ತದೆ.

ಕಾಲದಲ್ಲಿ ತುಸು ಈಚಿನದಾದರೂ ನಿಮಗೆ ಅತ್ಯಂತ ಹತ್ತಿರದ ಮಾದರಿ ನಿಮ್ಮ ಊರಿನ ಮಗ್ಗುಲಲ್ಲೇ ಇದೆ. 1786ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಇಸ್ತಾಂಬುಲ್ಲಿಗೆಂದು ತದಡಿ ಬಂದರಿನಲ್ಲಿ ಹಡಗು ಹತ್ತಿದರು. ಅವರಿಗಿದ್ದ ನಾಲ್ಕು ಹಡಗುಗಳು ‘ಫಖ್ರುಲ್ ಮರಾಕಿಬ್’, ‘ಫತಹ್-ಎ-ಶಾಹಿ ಮುಅಜ್ಜಿ’, ‘ನಬಿ ಬಕ್ಷ್’ ಮತ್ತು ‘ಗುರಾಬ್-ಎ-ಸೂರತಿ’. ಮೊದಲನೆಯದರ ಅರ್ಥ ಹಡಗುಗಳ ಹೆಮ್ಮೆ, ‘ಫತಹ್’ ಎಂದರೆ ಗೆಲುವು, ‘ನಬಿ ಬಕ್ಷ್’ ಎಂದರೆ ಪ್ರವಾದಿಯ ಕೊಡುಗೆ. ಗುರಾಬ್ ಎಂದರೆ ಅರಬ್ಬಿಯಲ್ಲಿ ಕಾಗೆ, ಜೊತೆಗೆ ಈ ತೀರದಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಹಡಗು. ಒಂದರಲ್ಲಿ ದರ್ಪ, ಒಂದರಲ್ಲಿ ಭಕ್ತಿ, ಇನ್ನೊಂದರಲ್ಲಿ ಬರಿಯ ಗುರುತು: ನಿಜವಾದ ಪಡೆಯ ಹೆಸರುಗಳು ಹೀಗೆ ಒಂದಕ್ಕೊಂದು ಹೊಂದದೆಯೇ ಇರುತ್ತವೆ, ಆದ್ದರಿಂದ ನಿಮ್ಮವನ್ನೂ ಒಂದೇ ಅಚ್ಚಿಗೆ ಹಾಕಬೇಡಿ.

ನಿಮ್ಮ ಸುಲ್ತಾನನ ಆಸ್ಥಾನಭಾಷೆ ಬಿಜಾಪುರದಲ್ಲಿದ್ದಂತೆ ಪಾರಸಿ ಎಂದಿಟ್ಟುಕೊಂಡರೆ, ‘ಅಲ್-ಖಡ್ಗ’ವನ್ನು ‘ಶಂಶೇರ್’ ಎಂದು ತಿದ್ದಬಹುದು. ಪ್ರವಾದಿಯ ಅಳಿಯನಾದ ಅಲಿಯ ಖಡ್ಗ ‘ಜುಲ್ಫಿಕಾರ್’ ಇನ್ನೂ ಗಂಭೀರ. ಶಿಯಾ ಆಸ್ಥಾನಕ್ಕೆ ಅದು ವಿಶೇಷವಾಗಿ ಪ್ರಿಯವಾದರೂ ಸುನ್ನಿಗಳೂ ಅದನ್ನು ಗೌರವಿಸುತ್ತಾರೆ. ‘ಅಲ್-ರಹಮಾನ್’ ‘ರಹಮಾನಿ’ ಆಗಲಿ. ನಾಯಕ ನೌಕೆಗೆ ಸುಲ್ತಾನನ ಹೆಸರನ್ನೇ ಬಳಸಿ, ಅವನು ಇಬ್ರಾಹಿಂ ಆದರೆ ‘ಫತಹ್-ಎ-ಇಬ್ರಾಹಿಮಿ’ ಎನ್ನಿ. ಇಷ್ಟುದ್ದದ ಹೆಸರು ಫರ್ಮಾನಿನಲ್ಲಿ ಇರಲಿ. ಹಾಯಿ ಎಳೆಯುವ ಖಲಾಸಿಗಳ ಬಾಯಲ್ಲಿ ಮಾತ್ರ ಅದು ‘ಫತ್ತೆ’ ಎಂದು ಸವೆದು ಬರಲಿ.